ಅರ್ಧ ಇಂಚು ಹೆಚ್ಚಾದ ಅಚ್ಚು

ಅಳತೆ ತಪ್ಪದವನು ಎಂದು ಊರಲ್ಲಿ ಹೆಸರು ಪಡೆದವನಿಗೆ ಆ ಅಳತೆಯೇ ಒಂದು ದಿನ ಕೈಕೊಡುತ್ತದೆ. ಇದನ್ನು ನಾನು ಸಂತೋಷದಿಂದಲೇ ಬರೆಯಲು ಕುಳಿತೆ, ಏಕೆಂದರೆ ನಾನೀಗ ಒಂದು ಹೆಣ್ಣುಕೂಸಿನ ಅಜ್ಜ. ಆದರೆ ಬರೆಯುತ್ತ ಹೋದಂತೆ ಮನಸ್ಸು ಸಪ್ಪಗಾಗುತ್ತಿದೆ. ಅದಕ್ಕೆ ಸೈಕಲ್ಲಿನ ಅಚ್ಚು ಕಾರಣ. ನಾನು ರಂಗಂಪೇಟೆಯ ದರ್ಜಿ. ಎಲ್ಲರೂ ಮಾಸ್ತರ್ ಎಂದು ಕರೆಯುತ್ತಾರೆ. ಕಲಿತದ್ದು ಮಾತ್ರ ಎರಡನೆಯ ಇಯತ್ತೆ. ಅದೂ ಶಾಲೆಯ ಮಾಸ್ತರರ ಅಂಗಿಗೆ ಗುಂಡಿ ಹಚ್ಚಿಕೊಟ್ಟಿದ್ದಕ್ಕೆ ಪಾಸು ಮಾಡಿದರೆಂದು ನನಗೆ ಈಗಲೂ ಗುಮಾನಿ.

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಹೆಣ್ಣು ಹುಟ್ಟಿರಲಿಲ್ಲ. ಸೊಸೆ ಶಹಾಪುರದ ತವರಿನಲ್ಲಿ ಹೆಣ್ಣು ಹೆತ್ತಳೆಂಬ ಸುದ್ದಿ ಬಂದಾಗ ಗಿರಾಕಿಯೊಬ್ಬರ ಅಂಗಿಗೆ ಒಂದೇ ತೋಳು ಹಚ್ಚಿದ್ದೆ. ಅದನ್ನು ಹಾಗೇ ಬಿಟ್ಟು, ಸಕ್ಕರೆ ಹಂಚಲು ಸೈಕಲ್ ಹತ್ತಿದೆ. ಸುರಪುರದ ಏರಿನಲ್ಲಿ ದಿನಾ ಇಳಿದು ತಳ್ಳುವವನು ಅಂದು ಪೆಡಲಿನ ಮೇಲೆ ನಿಂತು ತುಳಿದೆ. ಕಟ್ಟೆಂದು ಸದ್ದಾಯಿತು. ಎರಡು ಪೆಡಲುಗಳನ್ನು ಕೂಡಿಸುವ ನಡುವಿನ ಅಚ್ಚು ಎರಡು ತುಂಡಾಗಿತ್ತು. ದುಃಖಕ್ಕೆ ಎದೆ ಒಡೆದವರನ್ನು ಕಂಡಿದ್ದೇನೆ. ಖುಷಿಗೆ ಅಚ್ಚು ಮುರಿದವನು ನಾನೊಬ್ಬನೇ ಇರಬೇಕು.

ಸೈಕಲ್ ರಿಪೇರಿಯ ಖಾಜಾಸಾಬ ಬಿಚ್ಚಿ ನೋಡಿ, ನಿಜಾಮರ ಕಾಲದಲ್ಲಿ ಹೈದರಾಬಾದಿನಿಂದ ತರಿಸಿದ ವಿಲಾಯತಿ ಮಾಲಿದು, ಎಲ್ಲ ಅಚ್ಚೂ ಇದಕ್ಕೆ ಕೂಡುವುದಿಲ್ಲ, ಹಳೆಯ ತುಂಡುಗಳನ್ನು ಯಾದಗಿರಿಗೆ ಒಯ್ದು ಜೋಡಿ ನೋಡಿ ತನ್ನಿ ಎಂದ. ಮುರಿದ ಕಬ್ಬಿಣವನ್ನು ಕೈಯಲ್ಲಿ ಹಿಡಿದು ಕೂಸು ಇರುವ ಊರನ್ನು ದಾಟಬಾರದೆಂದು ನನ್ನ ಹೆಂಡತಿ ತಡೆದಳು. ನನಗೇನು ಕಡಿಮೆ? ನಲವತ್ತು ವರ್ಷದಿಂದ ಕೊರಳಲ್ಲಿ ಟೇಪು ಇದೆ. ತುಂಡುಗಳನ್ನು ಜೋಡಿಸಿ ಅಳೆದು, ಚೀಟಿಯಲ್ಲಿ ಬರೆದುಕೊಂಡು ಬಸ್ಸು ಹತ್ತಿದೆ.

ಯಾದಗಿರಿಯ ದಾರಿಯಲ್ಲೇ ಶಹಾಪುರ. ಬಸ್ಸು ಅಲ್ಲಿ ನಿಂತಾಗ ಬೀಗರ ಓಣಿಯ ಬಾಯಿ ಕಿಟಕಿಯಿಂದಲೇ ಕಾಣುತ್ತಿತ್ತು. ಆದರೆ ತೊಟ್ಟಿಲಿಗೆ ಹಾಕುವ ದಿನದವರೆಗೆ ಅಜ್ಜ ಕೂಸಿನ ಮುಖ ನೋಡಬಾರದು. ಅಂದು ತೊಟ್ಟಿಲಿಗೆ ಹಾಕುವ ಮೊದಲು ತಲೆಗೆ ಕುಂಚಿಗೆ ತೊಡಿಸಿಯೇ ನೋಡಬೇಕು. ಇದು ನಮ್ಮ ಮನೆಯ ಪದ್ಧತಿ. ನನ್ನ ಮಗನಿಗೆ ಹಾಗೆ ತೊಡಿಸಲು ನನ್ನ ಅಪ್ಪ ಬದುಕಿರಲಿಲ್ಲ. ಈ ಸಲ ಅದು ತಪ್ಪಬಾರದೆಂದು ಕೆಂಪು ಕುಂಚಿಗೆಯನ್ನು ಆಗಲೇ ಹೊಲಿದಿಟ್ಟಿದ್ದೆ. ಕಿಟಕಿಯಿಂದ ಕತ್ತು ಹೊರಗೆ ಹಾಕಿದೆ. ಓಣಿಯಲ್ಲಿ ಒಂದು ಆಡು ಮಾತ್ರ ಕಂಡಿತು. ಬರುವಾಗಲೂ ಅದೇ ಆಡು.

ಯಾದಗಿರಿಯ ಅಂಗಡಿಯವರು ನನ್ನ ಮುಂದೆ ಹತ್ತೆಂಟು ಅಚ್ಚು ಹರವಿದರು. ನೋಡಲು ಎಲ್ಲವೂ ಅಣ್ಣತಮ್ಮಂದಿರು. ಅಚ್ಚು ಕೂಡುವ ಬಟ್ಟಲಿನ ತಿರುಪಿನ ಗೆರೆ ಸಣ್ಣವೋ ದೊಡ್ಡವೋ, ಒಂದೊಂದು ಕಡೆ ಎಷ್ಟು ಉಕ್ಕಿನ ಗುಂಡು ಕೂಡುತ್ತವೆ ಎಂದೆಲ್ಲ ಕೇಳಿದರು. ಹೆಣ್ಣು ನೋಡಲು ಹೋದಾಗಲೂ ಇಷ್ಟು ಪ್ರಶ್ನೆ ಕೇಳಿರಲಿಲ್ಲ. ನನ್ನ ಹತ್ತಿರ ಇದ್ದ ಉತ್ತರ ಒಂದೇ, ಉದ್ದ.

"ನಮ್ಮನ್ನ ಮೈಸೂರು ರಾಜ್ಯಕ್ಕ ಕೂಡಸ್ತಾರಂತ ಸುದ್ದಿ ಅದ. ಅದಾರ ಕೂಡಬಹುದು ಮಾಸ್ತರ, ನೋಡಲಾರ್ದ ಒಯ್ದ ಅಚ್ಚು ಕೂಡಂಗಿಲ್ಲ," ಎಂದರು ಅವರು. ನಾನು ಟೇಪು ತೋರಿಸಿ, ಈ ಟೇಪಿನಿಂದ ಅಳೆದು ಹೊಲಿದ ಅಂಗಿ ಇದುವರೆಗೆ ವಾಪಸು ಬಂದಿಲ್ಲವೆಂದೆ. ಅವರು ಚೀಟಿಯ ಅಳತೆಯದನ್ನು ಕಟ್ಟಿಕೊಟ್ಟರು.

ತೊಟ್ಟಿಲ ಕಾರ್ಯದ ದಿನ ಹೆಂಡತಿ ಬೆಳಗಿನ ಬಸ್ಸಿಗೆ ಹೊರಟಳು. ನನ್ನನ್ನೂ ಕರೆದಳು. ನನ್ನ ಗಾಡಿಯ ಮೇಲೇ ಬರುತ್ತೇನೆಂದು ಬೀಗರಿಗೆ ಹೇಳಿಕಳಿಸಿಬಿಟ್ಟಿದ್ದೆನಲ್ಲ. ನೀನು ಮುಂದೆ ಹೋಗು ಎಂದೆ. ಬಸ್ಸು ಹೋದ ಮೇಲೆ, ಅಂದೇ ಬಿಡುವಾದ ಖಾಜಾಸಾಬ ಹೊಸ ಅಚ್ಚು ತೂರಿಸಿದ. ಅದು ಪಕ್ಕಕ್ಕೆ ಚಾಚಿಕೊಂಡು ನಿಂತಿತು. ನನ್ನ ಚೀಟಿ ಇಸಿದುಕೊಂಡು ಓದಿ, ಹಳೆಯ ತುಂಡುಗಳನ್ನು ಅಳೆದ. ತುಂಡುಗಳು ಕೂಡಿ ಐದು ಇಂಚು. ಚೀಟಿಯಲ್ಲಿ ಐದೂವರೆ.

"ಅರ್ಧ ಇಂಚು ಎಲ್ಲಿಂದ ಬಂತ್ರಿ?"

ನನಗೆ ತಟ್ಟನೆ ಹೊಳೆಯಿತು. ನಲವತ್ತು ವರ್ಷದ ರೂಢಿ. ಅಳೆದದ್ದಕ್ಕೆ ಅರ್ಧ ಇಂಚು ಸೇರಿಸದೆ ನನ್ನ ಕೈ ಬರೆಯುವುದೇ ಇಲ್ಲ. ಒಗೆದರೆ ಕುಗ್ಗುತ್ತದಲ್ಲ ಎಂದು ಮೆಲ್ಲಗೆ ಹೇಳಿದೆ.

ಖಾಜಾಸಾಬ ಪಾನಾ ಕೆಳಗಿಟ್ಟ. "ಕಬ್ಬಿಣ ಒಗದ್ರ ಕುಗ್ಗತದೇನ್ರಿ ಮಾಸ್ತರ? ಇದಕ್ಕೊಂದು ಕಿಸೆನೂ ಹಚ್ಚಬೇಕಿತ್ತು."

ಸಂದಿಗೆ ವಾಷರ್ ತುಂಬಿ, ಹೆಂಗರ ಹೋಗ್ರಿ ಎಂದು ಕಳಿಸಿದ. ಹದಿನಾಲ್ಕು ಹದಿನೈದು ಮೈಲಿ ದಾರಿ, ಇನ್ನೊಂದು ಬಸ್ಸು ರಾತ್ರಿಗೇ. ಚೈನು ಫರ್ಲಾಂಗಿಗೊಮ್ಮೆ ಕಳಚಿತು, ಪೆಡಲು ಕುಂಟು ಎತ್ತಿನಂತೆ ಹೊರಳಾಡಿತು. ಕುಂಚಿಗೆಗೆ ಎಣ್ಣೆ ತಾಗದಿರಲೆಂದು ಅದನ್ನು ಅಂಗಿಯೊಳಗೆ ಎದೆಗೆ ಇಟ್ಟುಕೊಂಡಿದ್ದೆ. ಭೀಮರಾಯನಗುಡಿ ಬರುವ ಹೊತ್ತಿಗೆ ನಾನು ಸೈಕಲ್ಲಿನ ಮೇಲಿಲ್ಲ, ಅದೇ ನನ್ನ ಮೇಲೆ ಒರಗಿಕೊಂಡು ಬರುತ್ತಿತ್ತು. ನೆರಳು ನನಗಿಂತ ಉದ್ದವಾಗಿತ್ತು. ಈಗ ತೊಟ್ಟಿಲು ಕಟ್ಟಿರುತ್ತಾರೆ, ಈಗ ಹೆಸರು ಕೂಗಿರುತ್ತಾರೆ ಎಂದು ಲೆಕ್ಕ ಹಾಕುತ್ತ ನಡೆದೆ. ಆ ಲೆಕ್ಕ ಮಾತ್ರ ತಪ್ಪಲಿಲ್ಲ.

ಬೀಗರ ಮನೆಯಲ್ಲಿ ಎಲೆ ಎತ್ತಿ ಅಂಗಳ ಗುಡಿಸುತ್ತಿದ್ದರು. ಕೂಸಿಗೆ ಮಹಾದೇವಿ ಎಂದು ಹೆಸರಾಗಿತ್ತು, ಅದು ನನ್ನ ಅವ್ವನ ಹೆಸರು. ಅವರ ಕಡೆಯ ಹಳದಿ ಕುಂಚಿಗೆ ತೊಟ್ಟು ತೊಟ್ಟಿಲಲ್ಲಿ ಮಲಗಿತ್ತು. ನಾನು ಸೈಕಲ್ಲನ್ನು ಗೋಡೆಗೆ ಒರಗಿಸಿ, ಅಂಗಿಯೊಳಗಿನ ಕೆಂಪು ಕುಂಚಿಗೆ ಹೊರಗೆ ತೆಗೆದೆ. ಬೀಗಿತ್ತಿ ಕೂಸನ್ನು ತಂದು, ಹಳದಿ ಕುಂಚಿಗೆ ತೆಗೆದು, ಈಗ ನೀವು ತೊಡಿಸಿರಿ ಎಂದರು. ಪದ್ಧತಿ ತಪ್ಪಬಾರದೆಂದು ಕಣ್ಣು ಮುಚ್ಚಿಕೊಂಡೇ ತೊಡಿಸಿ, ಆಮೇಲೆ ಕಣ್ಣು ತೆರೆದೆ. ಕೆಂಪು ಕುಂಚಿಗೆ ಹಣೆ ದಾಟಿ, ಕಣ್ಣು ದಾಟಿ, ಮೂಗಿನ ಕೆಳಗೆ ಬಂದು ನಿಂತಿತು.

"ಇದಕ್ಕೂ ಅರ್ಧ ಇಂಚು ಬಿಟ್ಟಾರ ನೋಡ್ರಿ," ಎಂದಳು ನನ್ನ ಹೆಂಡತಿ.

"ಇರ್ಲಿ ಬಿಡ್ರೀ, ಕೂಸು ಬೆಳಿತದ," ಎಂದರು ಬೀಗಿತ್ತಿ.

ಹದಿಮೂರು ದಿನ ಕಾದು, ಹದಿನೈದು ಮೈಲಿ ನಡೆದು ನಾನು ಕಂಡದ್ದು ಒಂದು ಗಲ್ಲ. ಆದರೆ ಎಂಥ ಗಲ್ಲ ಅದು! ಥೇಟ್ ನನ್ನ ಅವ್ವನದು. ಸಂತೋಷಕ್ಕೆ ಕಣ್ಣು ತುಂಬಿ ಬಂತು. ತೋಳಿನಿಂದ ಒರೆಸಿಕೊಳ್ಳಲು ಕೈ ಎತ್ತಿದೆ. ಇಪ್ಪತ್ತು ವರ್ಷದ ಹಿಂದೆ ನನಗೆ ನಾನೇ ಹೊಲಿದುಕೊಂಡ ಅಂಗಿ ಅದು. ತೋಳು ಬೆರಳ ತುದಿಯವರೆಗೆ ಇಳಿದಿತ್ತು. ಎಷ್ಟು ಸಲ ಒಗೆದರೂ ಅದು ಒಂದು ನೂಲಿನಷ್ಟೂ ಕುಗ್ಗಿಲ್ಲ. ಕುಗ್ಗಿದವನು ನಾನು.