ಮೈನಸ್ ನಾಲ್ಕು ದಿನ

ಎಲ್ಲ ಶುರುವಾದದ್ದು ಒಂದು ಪುಟ್ಟ ಅಡ್ಡಗೆರೆಯಿಂದ.

ಒಂದು ಕಚೇರಿಯಲ್ಲಿ ಸಾಫ್ಟ್‌ವೇರ್‌ನ ತಪ್ಪು ಹುಡುಕುವ ಟೆಸ್ಟರ್‌ಗೆ ಸಹೋದ್ಯೋಗಿಗಳು ಇಟ್ಟ ಹೆಸರು ‘ತಕರಾರು’. ನಾಳಿದ್ದು ಅವನ ನಾದಿನಿಯ ಮದುವೆ. ನಾಲ್ಕು ದಿನ ರಜೆ ಬೇಕು, ಉಳಿದಿದ್ದದ್ದು ಸೊನ್ನೆ. “ನೀವು ಬರದಿದ್ರೆ ಅಪ್ಪನಿಗೆ ಏನು ಹೇಳ್ಲಿ?” ಎಂದು ಬೆಳಿಗ್ಗೆ ಕೇಳಿದ ಹೆಂಡತಿ, ಉತ್ತರಕ್ಕೆ ಕಾಯದೆ ಅವನ ಬಟ್ಟೆಯನ್ನೂ ಪೆಟ್ಟಿಗೆಗೆ ತುಂಬಿದ್ದಳು.

ಕಚೇರಿಗೆ ಮೂರು ಹೊಸ ಸಾಫ್ಟ್‌ವೇರ್ ಬಂದಿದ್ದವು: ಸಂಬಳ ಲೆಕ್ಕ ಹಾಕುವುದು, ಸಂದೇಶ ಕಳಿಸುವುದು, ರಜೆ ಕೊಡುವುದು. ಅವನ್ನು ಪರೀಕ್ಷಿಸುವ ಯೋಜನೆ ಸಂಜೆಯೊಳಗೆ ಬೇಕಿತ್ತು. ಮೂರಕ್ಕೂ ಒಂದೇ ಪಟ್ಟಿ ಸಾಲದೇ ಎಂದರು ಮ್ಯಾನೇಜರು.

“ಆಗಲ್ಲ ಸಾರ್. ಲೆಕ್ಕದ್ದು ತಕ್ಕಡಿ, ಗೊತ್ತಿರೋ ತೂಕ ಇಟ್ಟು ನೋಡ್ಬೇಕು. ಸಂದೇಶದ್ದು ಕೊಳಾಯಿ, ಸಿಕ್ಕಾಪಟ್ಟೆ ನೀರು ಬಿಟ್ಟು ನೋಡ್ಬೇಕು. ರಜೆಯದ್ದು ಕಾವಲುಗಾರ. ಅವನಿಗೆ ಸುಳ್ಳು ಹೇಳಿ ನೋಡ್ಬೇಕು.”

ಯೋಜನೆ ಬರೆಯುತ್ತಾ ಮೂರನ್ನೂ ಒಮ್ಮೆ ಪರೀಕ್ಷಿಸಿದ. ತಕ್ಕಡಿ ಗೆದ್ದಿತು, ಕೊಳಾಯಿಯೂ ಗೆದ್ದಿತು. ಕಾವಲುಗಾರನ ಮುಂದೆ ಅವನು ನಾಲ್ಕರ ಹಿಂದೆ ಅಡ್ಡಗೆರೆ ಎಳೆದು, ಮೈನಸ್ ನಾಲ್ಕು ದಿನ ರಜೆ ಕೇಳಿದ. ಕಾವಲುಗಾರ ಕಣ್ಣು ಮಿಟುಕಿಸದೆ ಒಪ್ಪಿಕೊಂಡ. ಮೈನಸ್ಸನ್ನು ಕಳೆದರೆ ಕೂಡಿದಂತೆ; ಬಾಕಿ ರಜೆ ಸೊನ್ನೆಯಿಂದ ನಾಲ್ಕಕ್ಕೇರಿತು.

ತಕರಾರು ವರದಿ ತೆರೆದು, ಮತ್ತೆ ಮುಚ್ಚಿದ. ಈ ತಪ್ಪನ್ನು ವರದಿಯಲ್ಲಿ ಬರೆಯಲೇಬೇಕು. ಮದುವೆ ಮುಗಿಸಿ ಬಂದು ಬರೆದರಾಯಿತು.

“ಅದೇನಣ್ಣಾ ಅಡ್ಡಗೆರೆ?” ಬೆನ್ನ ಹಿಂದೆ ಸಂಬಳ ವಿಭಾಗದ ಗುಮಾಸ್ತೆ ನಿಂತಿದ್ದಳು. ಬಾಯಿ ಮುಚ್ಚಿಸಲು ಅವಳಿಗೂ ತೋರಿಸಿಕೊಟ್ಟ. ಅವಳು ಒಬ್ಬಳಿಗೆ ಮಾತ್ರ ಹೇಳಿದಳು. ಆ ಒಬ್ಬಳೂ ಒಬ್ಬರಿಗೆ ಮಾತ್ರ ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಸದಾ ಸಂತೆಯಂತಿರುತ್ತಿದ್ದ ಕಚೇರಿ ಪರೀಕ್ಷಾ ಕೊಠಡಿಯಂತೆ ಮೌನವಾಗಿತ್ತು. ಎಲ್ಲರೂ ತಲೆ ತಗ್ಗಿಸಿ ಅಡ್ಡಗೆರೆ ಎಳೆಯುತ್ತಿದ್ದರು. ಹತ್ತು ಹಾಕಿದರೆ ಅನುಮಾನ ಬರುತ್ತದೆಯೇ ಎಂದು ಟೈಪಿಸ್ಟ್ ಬಂದು ಪಿಸುಗುಟ್ಟಿದ. ಆರಕ್ಕೆ ನಿಲ್ಲಿಸಿ ಎಂದು ತಕರಾರು ಪರಿಣತನ ಗತ್ತಿನಲ್ಲಿ ಸಲಹೆ ಕೊಟ್ಟ.

ಐದು ಗಂಟೆಗೆ ಯೋಜನೆಯನ್ನೂ ರಜೆ ಅರ್ಜಿಯನ್ನೂ ಹಿಡಿದು, ಎದೆಯುಬ್ಬಿಸಿ ಮ್ಯಾನೇಜರ ಕೋಣೆಗೆ ಹೋದ. ಯೋಜನೆ ಓದಿ ಅವರು ತುಂಬಾ ಹೊಗಳಿದರು. ಅರ್ಜಿಯನ್ನು ಮಾತ್ರ ಹಿಂದಕ್ಕೆ ತಳ್ಳಿದರು.

“ಯಾಕೆ ಸಾರ್? ನಾಲ್ಕು ದಿನ ಬಾಕಿ ಇದೆಯಲ್ಲ?”

“ಇದೆ. ಆದ್ರೆ ನಾಳೆಯಿಂದ ಎಲ್ಲರೂ ರಜೆ. ನಿಮಗಿಂತ ಮುಂಚೆ ಅರ್ಜಿ ಹಾಕಿದ್ರು, ಮಂಜೂರಾಯ್ತು. ಬಾಗಿಲು ತೆಗೆಯೋಕೆ ಒಬ್ಬರಾದ್ರೂ ಬೇಕಲ್ಲ.”

“ನೀವಿರ್ತೀರಲ್ಲ ಸಾರ್?”

ಮ್ಯಾನೇಜರು ಕಚೇರಿಯ ಬೀಗದ ಕೈಗೊಂಚಲನ್ನು ಮೇಜಿನ ಮೇಲೆ ಅವನತ್ತ ಮೆಲ್ಲಗೆ ಜರುಗಿಸಿದರು. ದನಿ ತಗ್ಗಿಸಿ ಹೇಳಿದರು:

“ನಾನು ಮೈನಸ್ ಹದಿನೈದು ಹಾಕ್ದೆ.”