ಹನ್ನೊಂದು ತಿಂಗಳ ಮನಿ

ಈ ಸಲ ಹೇಳೂದೆಲ್ಲಾ ಖರೆ. ಹೋದ ಸಲ ಒಗ್ಗರಣಿ ಸ್ವಲ್ಪ ಜಾಸ್ತಿ ಆಗಿತ್ತು, ಒಪ್ಕೋತೀನಿ. ಅದರ ಹಿಂದಿನ ಸಲಾನೂ ಆಗಿತ್ತು. ಆದ್ರ ಈ ಸಲ ಬರೇ ಅನ್ನ, ಒಗ್ಗರಣಿ ಇಲ್ಲ. ಮಂಚದ ಮ್ಯಾಲ ಕೂತಲ್ಲೇ ಹಿಂದ ಕೈ ಚಾಚಿ, ನಮ್ಮ ಮನಿ ಗ್ವಾಡಿ ಮುಟ್ಟಿ ಆಣಿ ಮಾಡೀನಿ. ಮನಿ ಗ್ವಾಡಿ ಮುಟ್ಟಿ ಸುಳ್ಳ ಹೇಳಿದ್ರ ಆ ಗ್ವಾಡಿ ಮೈಮ್ಯಾಲ ಬೀಳ್ತದ ಅಂತ ನಮ್ಮವ್ವ ಹೇಳ್ತಿದ್ಲು.

ಬಾಡಿಗಿ ಮನ್ಯಾಗ ಇರೋರಿಗೆ ಇಂಥಾವು ನಡೀತನ ಇರ್ತಾವ. ನಾವು ಗದಗ ಕಡೆಯವ್ರು. ಪುಣೇಕ್ಕ ಬಂದು, ಒಂದು ಕಾರಖಾನಿ ಸ್ಟೋರಿನಾಗ ನಟ್ಟು-ಬೋಲ್ಟು ಎಣಿಸಿ ರಿಟೈರ್ ಆದವ ನಾನು. ಬಿಬವೇವಾಡಿಯೊಳಗ ಒಂದು ಉದ್ದನ್ನ ಖೋಲಿ, ಮೂವತ್ತೆರಡು ವರ್ಷದಿಂದ ಅದೇ ನಮ್ಮ ಮನಿ. ಮೂವತ್ತೆರಡು ವರ್ಷ ಅಂದ್ರ ಸರಳ ಅಲ್ಲ. ಇಲ್ಲೆ ಬಾಡಿಗಿ ಅಗ್ರಿಮೆಂಟು ಹನ್ನೊಂದು ತಿಂಗಳಿಂದು. ಹನ್ನೊಂದು ತಿಂಗಳು ಮುಗೀತಂದ್ರ ಮಾಲಕೀಣಬಾಯಿ ಬರ್ತಾಳ, ಬಾಡಿಗಿ ಏರಸ್ತೀರೋ ಮನಿ ಬಿಡ್ತೀರೋ ಅಂತಾಳ. ಮಂದಿ ವರ್ಷಕ್ಕೊಮ್ಮೆ ದೀಪಾವಳಿ ಮಾಡ್ತಾರ. ನಾವು ಹನ್ನೊಂದು ತಿಂಗಳಿಗೊಮ್ಮೆ ಯುದ್ಧ ಮಾಡ್ತೀವಿ.

ಇವತ್ತ ಸಂಜಿಕೆ ಮತ್ತ ಅಗ್ರಿಮೆಂಟು. ಈಗೆಲ್ಲಾ ಏಜೆಂಟ್ ಹೆಬ್ಬಟ್ಟ ಒತ್ತೋ ಸಣ್ಣ ಮಶೀನು ಹಿಡಕೊಂಡು ಮನೀಗೇ ಬರ್ತಾನ. ಅವ ಬರೂದ್ರೊಳಗ ನಮ್ಮ ಮೊಮ್ಮಗಳು ಬಂದ್ಲು, ಅವರವ್ವ ಹೇಳಿ ಕಳಿಸಿದ ನಿರೋಪ ಹೊತ್ಕೊಂಡು.

"ಅಜ್ಜಾ, ಈ ಸಲ ಹೆಬ್ಬಟ್ಟ ಒತ್ತಬ್ಯಾಡ್ರಿ ಅಂತ. ಇಬ್ಬರೂ ನಮ್ಮ ಫ್ಲ್ಯಾಟಿಗೆ ಬಂದ್ಬಿಡ್ರಿ ಅಂತ. ಅಂಥಾದ್ದೇನದ ಈ ಬಾಡಿಗಿ ಖೋಲಿಯೊಳಗ?"

"ಕೂಡು, ಹೇಳ್ತೀನಿ" ಅಂದೆ.

ಒಲಿ ಕಡಿಂದ ನಮ್ಮಾಕಿ ಕೂಗಿದ್ಲು, "ಕೂಡವ್ವಾ, ಕೂಡು. ಅವರು ಮುಗಸೂದ್ರೊಳಗ ನಿಂದು ಊಟಾನೂ ಆಗ್ತದ, ನಾಳಿನ ನಾಷ್ಟಾನೂ ಆಗ್ತದ."

೧. ಮಿಕ್ಸರಿನ ಅಜ್ಞಾತವಾಸ

ಮಾಲಕೀಣಬಾಯಿ ಭಾಳ ಚಲೋ ಹೆಂಗಸು. ಆದ್ರ ಆಕಿ ಕಣ್ಣು ತಕ್ಕಡಿ ಇದ್ದಂಗ. ಅಗ್ರಿಮೆಂಟಿನ ವ್ಯಾಳ್ಯಾಕ್ಕ ಚಾ ಕುಡಿಯೋ ನೆಪ ಮಾಡ್ಕೊಂಡು ಬಂದು ಮನಿತುಂಬ ಕಣ್ಣಾಡಸ್ತಿದ್ಲು. ಹೊಸಾ ಕುಕ್ಕರ್ ಕಂಡ್ರ ಬಾಡಿಗಿ ನೂರು ಏರ್ತು. ಹೊಸಾ ಟೀವಿ ಕಂಡ್ರ ಮುನ್ನೂರು.

ಒಂದು ವರ್ಷ ನಮ್ಮಾಕಿ ಉಪಾಯ ತಗದ್ಲು. ಪಾಂಡವರು ಆಯುಧಾ ಬನ್ನಿಗಿಡದ ಮ್ಯಾಲ ಇಟ್ಟಿದ್ರಲ್ಲ, ನಾವು ನಮ್ಮ ಮಿಕ್ಸರು, ಟೀವಿ, ಫ್ಯಾನು, ಕುಕ್ಕರು ಎಲ್ಲಾ ಮ್ಯಾಲಿನ ಖೋಲಿಯವ್ರ ಮನ್ಯಾಗ ಇಟ್ವಿ. ಅವರು ಬೆಳಗಾವಿ ಕಡೆಯವ್ರು, ಬಂಗಾರದಂಥಾ ಮನುಷ್ಯಾ, ಇಲ್ಲಾ ಅನ್ನಲಿಕ್ಕೆ ಅವರಿಗೆ ಬಾಯೇ ಬರೂದಿಲ್ಲ.

ಮಾಲಕೀಣಬಾಯಿ ಬಂದ್ಲು. ನಮ್ಮಾಕಿ ತ್ಯಾಪಿ ಹಚ್ಚಿದ ಸೀರಿ ಉಟ್ಕೊಂಡು, ಹಾಲಿಲ್ಲದ ಚಾ ಕೊಟ್ಲು. ಮಾಲಕೀಣಬಾಯಿ ಖಾಲಿ ಮನಿ ನೋಡಿದ್ಲು, ಚಾ ನೋಡಿದ್ಲು, ಕಣ್ಣಾಗ ನೀರ ತಂದ್ಲು. "ಈ ವರ್ಷ ಒಂದು ರೂಪಾಯಿನೂ ಏರಸೂದಿಲ್ಲ" ಅಂದು ಮ್ಯಾಲ ಹೋದ್ಲು. ನಾವಿಬ್ಬರೂ ಕೈ ಕುಲುಕಿದ್ವಿ.

ಅರ್ಧಾ ತಾಸಿಗೆ ಮ್ಯಾಲಿನವ್ರು ಕೆಳಗಿಳದು ಬಂದ್ರು. ಮಾರಿ ಬಾಡಿತ್ತು. ಕೈಯಾಗ ನಮ್ಮ ಕುಕ್ಕರು.

"ನನ್ನ ಬಾಡಿಗಿ ಐನೂರು ಏರಿಸಿದ್ಲ್ರಿ. ಎರಡು ಟೀವಿ, ಎರಡು ಮಿಕ್ಸರು, ನಾಕು ಕುಕ್ಕರು ಇಟ್ಕೊಂಡು ಆರಾಮ ಇದ್ದೀರಿ, ಕೆಳಗಿನ ಬಡವ್ರಿಗೆ ಒಂದು ಕುಕ್ಕರ್ ಕೊಡಲಿಕ್ಕೆ ನಿಮಗ ಮನಸ್ಸಿಲ್ಲೇನು ಅಂತ ಬೈದ್ಲ್ರಿ."

ಅವರ ಹಿಂದ ಮಾಲಕೀಣಬಾಯಿ ಸೊಂಟದ ಮ್ಯಾಲ ಕೈ ಇಟ್ಕೊಂಡು ನಿಂತಿದ್ಲು, ಖರೇನ ಕೊಡ್ತಾನೋ ಇಲ್ಲೋ ನೋಡಲಿಕ್ಕೆ. ಏನ ಮಾಡೂದು? ನಮ್ಮ ಕುಕ್ಕರ್ ನಾವೇ ಕೈ ಮುಗದು ದಾನಾ ತಗೊಂಡ್ವಿ.

೨. ಮೂರು ಖೋಲಿ

ಮೊಮ್ಮಗಳು ಬೆರಳು ಮಡಚಿದ್ಲು. "ಅಜ್ಜಾ, ಹೋದ ಸಲ ಹೇಳುವಾಗ ಕುಕ್ಕರ್ ಎರಡಿದ್ವು. ಈಗ ನಾಕು ಹೆಂಗಾದ್ವು?"

"ಹಳೇ ನೆನಪವ್ವಾ. ಇಟ್ಟಲ್ಲೇ ಮರೀ ಹಾಕ್ತಾವ. ನೀ ನಿಮ್ಮವ್ವನ ಕನ್ಯಾ ನೋಡಲಿಕ್ಕೆ ಬಂದಿದ್ದು ಕೇಳು."

ಹುಡುಗನ ಅಪ್ಪ ಫೋನಿನಾಗ, "ಮನಿ ಎಷ್ಟು ಖೋಲೀದ್ರಿ?" ಅಂತ ಕೇಳಿದ್ರು. ನಾ "ಮೂರು" ಅಂದೆ. ಒಂದು ಅನ್ನಲಿಕ್ಕೇ ಬಾಯಿ ತಗದಿದ್ದೆ. ಆ ಬಾಯಿ ಮೊದಲಿಂದಲೂ ನನ್ನ ಮಾತ ಕೇಳೂದಿಲ್ಲ.

"ಇನ್ನೆರಡು ಖೋಲಿ ಎಲ್ಲಿಂದ ತರ್ತೀರಿ?" ಅಂದ್ಲು ನಮ್ಮಾಕಿ.

"ನಿನ್ನ ಟ್ರಂಕಿನಿಂದ."

ಎರಡು ಇಳಕಲ್ ಸೀರಿ ತಗದ್ವಿ. ಈ ತುದಿಯಿಂದ ಆ ತುದಿಗೆ ಹಗ್ಗಾ ಕಟ್ಟಿ ಇಳಿಬಿಟ್ವಿ. ಮುಂದ ಮಂಚ ಹಾಕಿದ್ದು ಹಾಲು, ನಡುವ ಹಾಸಿಗಿ ಒಟ್ಟಿದ್ದು ಬೆಡ್ರೂಮು, ಹಿಂದ ಒಲಿ ಇದ್ದದ್ದು ಅಡಗಿಮನಿ. ಹಾಸಿಗಿ ಇದ್ದಷ್ಟ ಕಾಲು ಚಾಚು ಅಂತಾರ. ನಮ್ಮ ಬೆಡ್ರೂಮಿನಾಗ ಬರೇ ಹಾಸಿಗೀಗೇ ಜಾಗಾ ಇತ್ತು, ಕಾಲಿಗಿರಲಿಲ್ಲ.

ಹುಡುಗನ ಅಪ್ಪ ಆರಡಿ ಎತ್ತರ, ಅದಕ್ಕ ತಕ್ಕ ಅಗಲ. ಮಂಚದ ಮ್ಯಾಲ ಕೂತ್ರು. ಅವಲಕ್ಕಿ ತಿಂದ್ರು. "ಮನಿ ಛಂದ ಅದ್ರಿ" ಅಂದು, ಸುಖವಾಗಿ ಹಿಂದಿನ ಗ್ವಾಡಿಗೆ ಒರಗಿದ್ರು.

ಗ್ವಾಡಿ ದಾರಿ ಬಿಟ್ತು.

ಬೆಡ್ರೂಮ್ ದಾಟಿದ್ರು. ಹಾಸಿಗಿ ಮ್ಯಾಲಿಂದ ಜಾರಿ ಎರಡನೇ ಗ್ವಾಡಿನೂ ದಾಟಿದ್ರು. ತಲಿ ಹೋಗಿ ಹಿಟ್ಟಿನ ಪರಾತದ ಪಕ್ಕಕ್ಕ ನಿಂತಿತು. ನನಗಂತೂ ಮಗಳ ಲಗ್ನಾ ಅಲ್ಲೇ ಪರಾತದಾಗ ಮುರದು ಬಿದ್ದಂಗ ಕಂಡಿತು. ಬೀಗರು ಮಲಗಿದಲ್ಲೇ ಮ್ಯಾಲ ನೋಡಿದ್ರು. ನಮ್ಮಾಕಿ ಲಟ್ಟಣಿಗಿ ಹಿಡಕೊಂಡು ನಿಂತಿದ್ಲು.

"ಅಕ್ಕಾರ," ಅಂದ್ರು, "ಮೂರೂ ಖೋಲಿ ನೋಡಿದಂಗಾತು. ಹುಡುಗಿ ಎಲ್ಲದಾಳ್ರಿ?"

ಲಗ್ನಾ ಆತು. ಆಗಿದ್ದಕ್ಕೇ ನೀ ಇಲ್ಲಿ ಕೂತು ಕುಕ್ಕರ್ ಎಣಸ್ಲಿಕತ್ತಿ. ಒಂದು ಗ್ವಾಡಿ ನಿಮ್ಮವ್ವನ ಜೋಡಿ ಗಂಡನ ಮನೀಗೆ ಹೋತು. ಇನ್ನೊಂದು ಇನ್ನೂ ಇಲ್ಲೇ, ಮಂಚದ ಹಿಂದ ಅದ. ದೀಪಾವಳಿಗೆ ಊರಮಂದಿ ಎಲ್ಲಾ ಗ್ವಾಡಿಗೆ ಬಣ್ಣಾ ಹಚ್ಚಿದ್ರ, ನಿಮ್ಮಜ್ಜಿ ಗ್ವಾಡಿ ಒಗದು ಒಣಾ ಹಾಕ್ತಾಳ.

೩. ರವಿವಾರದ ಫ್ಲ್ಯಾಟು

ಸ್ವಂತ ಮನಿ ಯಾಕ ತಗೊಳ್ಳಿಲ್ಲ ಅಂತ ನಿಮ್ಮವ್ವ ಕೇಳ್ತಾಳ. ನಾವು ನೋಡಿಲ್ಲಂತ ತಿಳೀಬ್ಯಾಡ. ಒಂದು ಮಳಿಗಾಲ ಪೂರ್ತಿ ರವಿವಾರಕ್ಕೊಂದು ಫ್ಲ್ಯಾಟ್ ನೋಡೀವಿ.

ಹೊಸಾ ಬಿಲ್ಡಿಂಗ್ ಕಟ್ಟೋರು ಗಿರಾಕೀನ್ನ ಕರಕೊಂಡು ಹೋಗಲಿಕ್ಕೆ ಎ.ಸಿ. ಗಾಡಿ ಕಳಸ್ತಾರ. ಹೋದಕೂಡಲೇ ಚಾ, ಉಪ್ಪಿಟ್ಟು. ದೊಡ್ಡ ಬಿಲ್ಡರ್ ಇದ್ರ ಊಟಾನೂ. ನಮ್ಮ ಎಣ್ಣಿ ಡಬ್ಬಿ ತಳಾ ಕಂಡಕೂಡಲೇ ನಮ್ಮಾಕಿ ಪೇಪರ್ ಬಿಡಿಸಿ ಕೂಡ್ತಿದ್ಲು. "ಈ ವಾರ ಎಲ್ಲಿ ಮನಿ ತಗೊಳ್ಳೂಣ್ರಿ?"

ಆದ್ರ ತಿಂದ ಉಪ್ಪಿಟ್ಟಿಗೆ ದ್ರೋಹ ಮಾಡೋ ಹೆಂಗಸಲ್ಲ ಆಕಿ. ಪ್ರತಿಯೊಂದು ಫ್ಲ್ಯಾಟೂ ಮನಸ್ಸಿಟ್ಟು ಪರೀಕ್ಷಾ ಮಾಡ್ತಿದ್ಲು.

"ಸಂಡಿಗಿ ಎಲ್ಲಿ ಒಣಾ ಹಾಕೂದು?" ಅಂತ ಮನಿ ತೋರಸೋ ಹುಡುಗನ್ನ ಕೇಳ್ತಿದ್ಲು.

"ಆಜಿ, ಕೆಳಗ ಸ್ವಿಮಿಂಗ್ ಪೂಲ್ ಅದ."

"ಈಜಲಿಕ್ಕೆ ನೀರದ, ಸಂಡಿಗೀಗೆ ಬಿಸಲಿಲ್ಲ. ಬ್ಯಾಡ. ರೊಟ್ಟಿ ಬಡದ್ರ ಕೆಳಗಿನವ್ರು ಜಗಳಕ್ಕ ಬರ್ತಾರೇನು?"

"ಸೌಂಡ್ ಪ್ರೂಫ್ ಅದ ಆಜಿ. ಯಾರಿಗೂ ಕೇಳಸೂದಿಲ್ಲ."

"ರೊಟ್ಟಿ ಬಡದದ್ದು ಕೇಳದಿದ್ರ ಮ್ಯಾಲಿನವ್ರಿಗೆ ಊಟಕ್ಕ ಬರಬೇಕಂತ ಹೆಂಗ ಗೊತ್ತಾಗಬೇಕು? ಬ್ಯಾಡ."

ಕೋಟಿ ಕೋಟಿ ಬಾಳೋ ಮನಿ ನಮ್ಮಾಕಿ ಹಂಗ ಫೇಲ್ ಮಾಡ್ಯಾಳ. ಕಡೀಕ ಸಾಸವಡ ರಸ್ತಾದಾಗ ಒಂದು ಸೈಟಿಗೆ ಹೋದ್ವಿ. ಟೈ ಕಟ್ಟಿದ ಸೇಲ್ಸಮನ್ ಬಂದ. ನಮ್ಮನ್ನ ನೋಡಿ ನಿಂತ. ಮೂರು ವಾರದ ಹಿಂದ ಬ್ಯಾರೆ ಬಿಲ್ಡರ್ ಕಡೆ ನಮಗ ಮನಿ ತೋರಿಸಿದವ ಅವನೇ! ನೌಕರಿ ಬದಲಿ ಮಾಡಿದ್ದ.

"ಕಾಕಾ, ನೀವು ಇಲ್ಲೂ ಬಂದ್ರಿ?"

ಇನ್ನ ಮುಚ್ಚಿಟ್ಟು ಏನ ಮಾಡೂದು? "ಅಲ್ಲಿ ಉಪ್ಪಿಟ್ಟಿಗೆ ಉಪ್ಪು ಸಾಲತಿರಲಿಲ್ಲಪಾ" ಅಂದೆ.

ಅವ ಆ ಕಡೆ ಈ ಕಡೆ ನೋಡಿ, ನಮ್ಮ ಪಕ್ಕದಾಗ ಕೂತು, ಸಣ್ಣ ದನಿಲೆ ಹೇಳಿದ: "ಕಾಕಾ, ನಾನೂ ಅದಕ್ಕೇ ಅಲ್ಲಿಂದ ಬಿಟ್ಟಿದ್ದು."

೪. ಮನಿ ನೋಡಲಿಕ್ಕೆ ಬಂದವ್ರು

ಇದು ಎರಡು ವರ್ಷದ ಹಿಂದಿನ ಮಾತು. ಮಾಲಕೀಣಬಾಯಿಗೆ ಒಮ್ಮೆಲೇ ರೊಕ್ಕದ ಅಡಚಣಿ ಬಂತು. ನಮ್ಮ ಖೋಲಿ ಮಾರ್ತೀನಿ ಅಂದ್ಲು. ಮೊದಲ ನಮಗೇ ಕೇಳಿದ್ಲು, ಸುಳ್ಳ ಹೇಳಬಾರದು. ಆದ್ರ ಆಕಿ ಹೇಳಿದ ರೇಟು ಕೇಳಿ ನಾನು ಮಂಚದ ಮ್ಯಾಲ ಕೂತೆ. ಆಮ್ಯಾಲ ಮಲಗಿದೆ.

ಸಾಸವಡದಾಗ ಕಿರಾಣಿ ಅಂಗಡಿ ಇದ್ದ ಗಂಡ-ಹೆಂಡತಿ ಮನಿ ನೋಡಲಿಕ್ಕೆ ಬರ್ತಾರಂತ ಸುದ್ದಿ ಬಂತು. ಅವರು ಒಪ್ಪಿದ್ರ ನಮ್ಮ ಗಂಟು-ಮೂಟಿ ರಸ್ತಾದ ಮ್ಯಾಲ. ನಾ ನಮ್ಮಾಕಿಗೆ ಹೇಳಿದೆ: "ನೋಡು, ನಾ ಈ ಮನೀನ್ನ ಮನಸಾರೆ ಬೈತೀನಿ. ನೀ ಬರೇ ಹೂಂ ಅನ್ನು. ಗಿರಾಕಿ ಓಡಿ ಹೋಗಬೇಕು."

"ಹೂಂ" ಅಂದ್ಲು. ಅದೊಂದೇ ಹೂಂ ಅಂದಿದ್ದು ಆಕಿ.

ಗಿರಾಕಿ ಬಂದ್ರು. ಮಾಲಕೀಣಬಾಯಿ ಬಾಗಲಾಗ ನಿಂತ್ಲು. ನಾ ಮರಾಠಿಯೊಳಗ ಶುರು ಮಾಡಿದೆ. "ಮಳಿಗಾಲದಾಗ ಇಲ್ಲಿ ಇರಲಿಕ್ಕಾಗೂದಿಲ್ರಿ. ಗ್ವಾಡಿ ಎಲ್ಲಾ ಹಸಿ."

ನಮ್ಮಾಕಿ ಮಾರಿ ಕೆಂಪಾತು. "ಯಾರಂದ್ರು? ಮೂವತ್ತ ಮಳಿಗಾಲ ಆತು, ನನ್ನ ಡಬ್ಬ್ಯಾಗಿನ ಸಂಡಿಗಿ ಒಮ್ಮೆನೂ ಮೆತ್ತಗಾಗಿಲ್ಲ!" ಡಬ್ಬಿ ತಗದು, ಸಂಡಿಗಿ ಕರದು, ಗಿರಾಕಿ ಕೈಯಾಗ ಇಟ್ಲು. ಕಟುಂ ಕಟುಂ ಅಂತ ಸಪ್ಪಳ ಆತು. ನನ್ನ ಪ್ಲ್ಯಾನ್ ಮುರದ ಸಪ್ಪಳ ಅದು.

"ಇಲಿ ಭಾಳ" ಅಂದೆ.

"ಇಲಿ? ನನ್ನ ಮನ್ಯಾಗ? ನಾ ಏನ ಸತ್ತೀನೇನ್ರಿ?"

"ಮ್ಯಾಲಿನವ್ರು ದಿನಾ ಕುಡದು ಬಡದಾಡ್ತಾರ."

ಅಷ್ಟರಾಗ ಮ್ಯಾಲಿನವ್ರು ಹಣಿತುಂಬ ವಿಭೂತಿ ಹಚ್ಕೊಂಡು, "ಸಂಕಷ್ಟಿ ಪ್ರಸಾದ ತಗೋರಿ" ಅಂತ ಬಟ್ಟಲಾ ಹಿಡಕೊಂಡು ಇಳದ್ರು. ನಮ್ಮಾಕಿ ನನ್ನ ಕಡೆ ಹೆಂಗ ನೋಡಿದ್ಲಂದ್ರ, ನಾನೇ ಕುಡದವನಂಗ ತಲಿ ಕೆಳಗ ಹಾಕಿದೆ.

ಆಮ್ಯಾಲ ಆಕಿ ನಿಲ್ಲಲಿಲ್ಲ. ಮುಂಜಾನೆ ಬಿಸಲು ಯಾವ ಕಿಟಕ್ಯಾಗಿಂದ ಬಂದು ಎಲ್ಲಿ ಕೂಡ್ತದ, ಮಗಳ ಎತ್ತರಾ ವರ್ಷಾ ವರ್ಷಾ ಬಾಗಲ ಚೌಕಟ್ಟಿನ ಮ್ಯಾಲ ಹೆಂಗ ಗೀಚೀವಿ, ನೆಲದ ಯಾವ ಫರಸಿ ಬ್ಯಾಸಿಗ್ಯಾಗ ತಂಪಿರ್ತದ, ಎಲ್ಲಾ ಹೇಳಿದ್ಲು. ಗಿರಾಕಿ ಹೆಂಡತಿ ಕಣ್ಣು ಅರಳಿದ್ವು. "ಮನಿ ಭಾಳ ಛಂದ ಅದ. ನಾವು ತಗೋತೀವಿ. ಯಾವಾಗ ಖಾಲಿ ಮಾಡ್ತೀರಿ?"

ನಮ್ಮಾಕಿ ಸಂಡಿಗಿ ಕರಿಯೋ ಝಾರಾ ಕೆಳಗ ಇಟ್ಲು. "ಖಾಲಿ? ಮನಿ ಚಲೋ ಅದ ಅಂದೆ. ಕೊಡ್ತೀನಿ ಅಂದಿಲ್ಲ."

"ಇದು ನಿಮ್ಮ ಮನಿ ಅಲ್ಲಲ್ರಿ!"

"ಕಾಗದದಾಗ ಅಲ್ಲ" ಅಂದು, ಆಕಿ ಮತ್ತ ನಾಕು ಸಂಡಿಗಿ ಎಣ್ಯಾಗ ಬಿಟ್ಲು.

ಮಾಲಕೀಣಬಾಯಿ ಬಾಗಲಾ ಹಿಡಕೊಂಡು ನಗಲಿಕ್ಕೆ ಶುರು ಮಾಡಿದ್ಲು. ನಕ್ಕು ನಕ್ಕು ಸೆರಗಿಲೆ ಕಣ್ಣು ಒರಸ್ಕೊಂಡು, "ಇವರನ್ನ ಎಬ್ಬಸೂದು ನನ್ನ ಕೈಲಿ ಆಗೂದಿಲ್ಲ. ನಡೀರಿ, ಮ್ಯಾಲಿನ ಖೋಲಿ ತೋರಸ್ತೀನಿ" ಅಂದ್ಲು. ಮ್ಯಾಲಿನವ್ರು ಪ್ರಸಾದದ ಬಟ್ಟಲಾ ಅಲ್ಲೇ ಬಿಟ್ಟು ಓಡಿ ಹೋಗಿ ಒಳಗಿಂದ ಚಿಲಕಾ ಹಾಕ್ಕೊಂಡ್ರು.

ಯಾವ ಖೋಲೀನೂ ಮಾರಾಟ ಆಗಲಿಲ್ಲ. ಗಿರಾಕಿ ಹೋಗುವಾಗ ಅಂಗಡೀಗೆ ತಿಂಗಳಿಗೆ ಹತ್ತು ಕಿಲೋ ಸಂಡಿಗಿ ಬೇಕಂತ ಆರ್ಡರ್ ಕೊಟ್ಟು ಹೋದ್ರು. ಮಾಲಕೀಣಬಾಯಿ ಸುಮ್ನ ಹೋದ್ಲಂತ ತಿಳೀಬ್ಯಾಡ. ಹೊಳ್ಳಿ ಬಂದು ಹೇಳಿದ್ಲು: "ಹಸಿ ಇಲ್ಲ, ಇಲಿ ಇಲ್ಲ, ಬಿಸಲು ಬರ್ತದ. ಇಷ್ಟು ಛಂದ ಮನೀಗೆ ಈ ಬಾಡಿಗಿ ಭಾಳ ಕಡಿಮಿ ಆತು." ಎರಡು ಸಾವಿರ ಏರಿಸಿದ್ಲು. ಅದನ್ನ ಈಗ ಸಂಡಿಗಿ ಕಟ್ಟತದ.

ಇಷ್ಟು ಹೇಳೂದ್ರೊಳಗ ಏಜೆಂಟ್ ಬಂದ. ಮಶೀನು ತಗದ. ನಾ ಏಳೂದ್ರೊಳಗ ನಮ್ಮಾಕಿ ಹಿಟ್ಟಿನ ಕೈ ಒರಸ್ಕೊಂಡು ಬಂದು ಹೆಬ್ಬಟ್ಟ ಒತ್ತಿದ್ಲು. ರೊಟ್ಟಿ ಬಡದು ಬಡದು ಗೆರಿ ಎಲ್ಲಾ ಸವದಾವ. ಮಶೀನು ಒಲ್ಲೆ ಅಂತು. ಮತ್ತ ಒತ್ತಿದ್ಲು. ಒಲ್ಲೆ ಅಂತು. ಆರನೇ ಸಲಕ್ಕ ಮಶೀನೇ ಸೋತು ಹೂಂ ಅಂತು. ಮೊಮ್ಮಗಳು ಫೋನ್ ತಗದು ಅವರವ್ವಗ, "ಇವರು ಬರೂದಿಲ್ಲ, ಬಿಡವ್ವಾ" ಅಂದ್ಲು. ಆಮ್ಯಾಲ ನನ್ನ ಕಡೆ ತಿರುಗಿದ್ಲು.

"ಅಜ್ಜಾ, ಅವತ್ತ ಗಿರಾಕಿ ಮುಂದ ಅಜ್ಜಿ ಹಂಗ ಹೇಳುವಾಗ ನೀ ಏನ ಮಾಡ್ಲಿಕತ್ತಿದ್ದಿ?"

"ನಾನೇನು ಸುಮ್ನ ಕೂತಿದ್ನೇನು? ಎದ್ದು ನಿಂತೆ. ಎದಿ ಉಬ್ಬಿಸಿದೆ. 'ಮಾಲಕೀಣಬಾಯಿ, ಈ ಮನಿ ಬಿಟ್ಟು ಒಂದು ಹೆಜ್ಜಿ ಇಡೂದಿಲ್ಲ!' ಅಂತ ಗುಡುಗಿದೆ ನೋಡು, ಅಲ್ಲಿ ಲೋಣಾವಳಾದಾಗ ಚಿಕ್ಕಿ ಅಂಗಡಿಯವ್ರು ಮಳಿ ಬಂತಂತ ತಾಡಪತ್ರಿ ಎಳಕೊಂಡ್ರಂತ."

ಒಲಿ ಕಡಿಂದ ಕೆಮ್ಮು ಕೇಳಿಸ್ತು.

"ಖರೇನ ಅಜ್ಜಾ?"

"ಖರೇನ ಅಂದ್ರ? ಮೊದಲಿಗೇ ಗ್ವಾಡಿ ಮುಟ್ಟಿ ಆಣಿ ಮಾಡೀನೋ ಇಲ್ಲೋ? ಸುಳ್ಳಿದ್ರ ಈ ಗ್ವಾಡಿ ನನ್ನ ಮೈಮ್ಯಾಲ ಬೀಳ್ಲಿ!"

ಮೊಮ್ಮಗಳು ಎದ್ದು ಹೋಗಿ ಫ್ಯಾನನ್ನ ಒಂದರಿಂದ ಐದಕ್ಕ ತಿರುವಿದ್ಲು.

"ಅಜ್ಜಾ, ನಿನ್ನ ಗ್ವಾಡಿ ಹಾರ್ಲಿಕತ್ತದ ನೋಡು."