ಮೇಡಂ ಹೊಟ್ಟೆಗೆ ಇಸಬಗೋಲು

ಹೆಂಡತಿ: (ಕಕ್ಕಸಿನ ಬಾಗಿಲು ಗುದ್ದುತ್ತಾ) ಬೆಳಗ್ಗೆಯಿಂದ ಇದು ನಾಲ್ಕನೇ ಸಲ! ಒಳಗೇನು ಸಂಸಾರ ಹೂಡಿದ್ದೀರಾ?

ಗಂಡ: (ಒಳಗಿಂದ) ಕೂತ ಕಡೆಯಾದ್ರೂ ನೆಮ್ಮದಿ ಕೊಡೇ!

ಹೆಂಡತಿ: ಅಲ್ಲಿ ನಿಮ್ಮ ಮೇಡಂ ಬಕೆಟ್ ಕಂಡು ಮೂತಿ ತಿರುಗಿಸಿ ನಿಂತಿದಾಳೆ. ತೌಡು, ಇಸಬಗೋಲು ಎಲ್ಲಾ ಹಾಗೇ ಇದೆ.

ಮೇಡಂ ಎಂದರೆ ಗಂಡನ ಸಾರೋಟು ಎಳೆಯುವ ಕಂದು ಕುದುರೆ. ಹೋದ ವಾರ ಹೊಟ್ಟೆನೋವಿಗೆ ಬಿದ್ದು ಹೊರಳಾಡಿದ್ದಳು. ಪಶುವೈದ್ಯರು ಅವಳ ಲದ್ದಿಯನ್ನು ನೀರಿನಲ್ಲಿ ಕದಡಿ, ತಳದಲ್ಲಿ ಕೂತ ಮರಳನ್ನು ತೋರಿಸಿ, ಅದು ಭೇದಿಯಲ್ಲಿ ಹೊರಬೀಳಲೆಂದು ಇಸಬಗೋಲು ಬರೆದುಕೊಟ್ಟರು. ಒಂದು ಹೊತ್ತೂ ತಪ್ಪಿಸಬೇಡಿ, ಇನ್ನೊಮ್ಮೆ ಕರುಳು ಕಟ್ಟಿದರೆ ಕುದುರೆ ಉಳಿಯುವುದಿಲ್ಲ ಎಂದೂ ಹೇಳಿದ್ದರು.

ಗಂಡ: ಐದೇ ನಿಮಿಷ. ನಾನು ಬಂದ್ರೇನೇ ಅವಳು ತಿನ್ನೋದು.

ಹೆಂಡತಿ: ಯಾಕೆ, ತುತ್ತು ಮಾಡಿ ತಿನ್ನಿಸ್ತೀರಾ? ಅದಿರಲಿ, ಪೊಟ್ಟಣದ ತಳ ಕಾಣ್ತಿದೆಯಲ್ಲ, ಅಷ್ಟೊಂದು ಎಲ್ಲಿ ಹೋಯ್ತು?

ಗಂಡ: ನಾನು ತಿಂದೆ.

ಹೆಂಡತಿ: ಕುದುರೆ ಔಷಧೀನಾ!

ಗಂಡ: ಅವಳಿಗೆ ಅನುಮಾನ ಜಾಸ್ತಿ ಕಣೇ. ಹೊಸದು ಏನು ಕೊಟ್ರೂ ಮೊದಲು ನಾನು ತಿಂದು ತೋರಿಸ್ಬೇಕು. ಮರಿಯಾಗಿದ್ದಾಗ ನಾನೇ ಮಾಡಿದ ಅಭ್ಯಾಸ.

ಹೆಂಡತಿ: ಒಂದು ಚಿಟಿಕೆ ತಿಂದ್ರಾಗಲ್ವಾ?

ಗಂಡ: ಚಿಟಿಕೆ ಎಲ್ಲಾ ನಂಬಲ್ಲ. ಹಿಡಿ ತುಂಬಾ ತಿನ್ಬೇಕು. ಗಂಟಲಲ್ಲಿ ಇಳಿಯೋದನ್ನ ನೋಡೇ ಬಾಯಿ ಹಾಕ್ತಾಳೆ. ಆರು ದಿನ, ದಿನಕ್ಕೆರಡು ಹೊತ್ತು! ಅವಳ ಮರಳು ಬಂತೋ ಇಲ್ವೋ, ನಾನು ಅಂಬೆಗಾಲಲ್ಲಿ ತಿಂದ ಮಣ್ಣೂ ಬಂತು.

ಹೆಂಡತಿ: ನನ್ನ ಅಡುಗೆಗೆ ಮೂತಿ ಸೊಟ್ಟ ಮಾಡ್ತೀರಿ, ಅವಳ ತೌಡು ರುಚಿಯಾಯ್ತಾ?

ಗಂಡ: ನಿನ್ನ ಅಡುಗೇನ ನನಗೆ ಯಾರೂ ಮೊದಲು ತಿಂದು ತೋರಿಸಲ್ವಲ್ಲ!

ಹೆಂಡತಿ: ಮಾರಿಬಿಡಿ ಆ ವೈಯಾರಗಿತ್ತೀನ! ಮರಳು ತಿಂದವಳು ಅವಳು, ಬಾಗಿಲು ಕಾಯೋಳು ನಾನು.

ಗಂಡ: ಅವಳೇನು ಆಸೆಪಟ್ಟು ತಿಂದ್ಲಾ? ಯಾವನೋ ಮೇವಿನ ತೊಟ್ಟಿ ಎತ್ಕೊಂಡು ಹೋದ. ಹುಲ್ಲು ನೆಲಕ್ಕೆ ಹಾಕ್ದೆ, ಜೊತೆಗೆ ಮರಳೂ ಹೋಯ್ತು. ಸಿಗ್ಲಿ ಅವನು, ಕೈ ಮುರೀತೀನಿ.

ಹೆಂಡತಿ ಹಿತ್ತಲಿಗೆ ನಡೆದಳು. ಅಲ್ಲಿ ಅವಳೇ ಒಯ್ದಿಟ್ಟಿದ್ದ ಆ ತೊಟ್ಟಿಯೊಳಗೆ ಕಂಬಳಿಗಳು ನೆನೆಯುತ್ತಿದ್ದವು. ಬಟ್ಟೆ ಒಗೆಯುವ ಕಡೆ ಗಂಡ ತಪ್ಪಿಯೂ ತಲೆ ಹಾಕದ ಕಾರಣ ಅದು ಒಂದು ತಿಂಗಳಿಂದ ಅಲ್ಲಿ ಕ್ಷೇಮವಾಗಿತ್ತು. ಮೇಡಂ ಹೊರಳಾಡಿದ್ದು ಕಣ್ಣಿಗೆ ಕಟ್ಟಿ, ಹೆಂಡತಿಗೆ ನಿಜಕ್ಕೂ ಸಂಕಟವಾಯಿತು. ಕಂಬಳಿಗಳನ್ನು ಕಲ್ಲಿನ ಮೇಲೆ ಸುರಿದು, ತೊಟ್ಟಿಯನ್ನು ತೊಳೆದು ಲಾಯಕ್ಕೆ ಎಳೆದುಕೊಂಡು ಹೋದಳು. ಬಕೆಟ್ಟಿಗೆ ಕೈ ಹಾಕಿ, ಕಣ್ಣು ಮುಚ್ಚಿ, ಒಂದು ಹಿಡಿ ಬಾಯಿಗೆ ತುರುಕಿಕೊಂಡಳು.

ಹೆಂಡತಿ: (ಅಗಿಯುತ್ತಾ) ಥೂ, ಗೋಂದು! ನೋಡ್ಕೊಳ್ಳಮ್ಮ, ನುಂಗ್ದೆ. ಏನು ಗುರಾಯಿಸ್ತೀಯಾ? ಇನ್ನೊಂದು ಹಿಡಿ ಬೇಕಾ?

ಮೂರನೆಯ ಹಿಡಿ ಇಳಿದ ಮೇಲೆ ಮೇಡಂ ಬಕೆಟ್ಟಿಗೆ ಬಾಯಿ ಹಾಕಿದಳು. ತಳ ನೆಕ್ಕುವ ಹೊತ್ತಿಗೆ ಗಂಡ ಸೊಂಟ ಹಿಡಿದುಕೊಂಡು ಬಂದ.

ಗಂಡ: ಅರೆ, ತಿಂದ್ಲಾ! ನೀನು ತಿಂದು ತೋರಿಸಿದ್ಯಾ?

ಹೆಂಡತಿ: (ಬಾಯಿ ಒರೆಸಿಕೊಳ್ಳುತ್ತಾ) ಮೂರು ಹಿಡಿ.

ಗಂಡ: ಅವಳ ಮೇಲೆ ಇಷ್ಟು ಪ್ರೀತಿ ಇದೆ ಅಂತ ಗೊತ್ತಿರ್ಲಿಲ್ಲ ಕಣೇ. (ತೊಟ್ಟಿಯನ್ನು ನೋಡಿ, ಬಗ್ಗಿ ಮೂಸಿ) ಓಹೋ... ಬಟ್ಟೆ ಸೋಪು ಹಾಕೋ ಕಳ್ಳ!

ಹೆಂಡತಿ: (ತಲೆ ತಗ್ಗಿಸಿ) ಮುರೀರಿ ಕೈ.

ಗಂಡ: ಛೆ, ಆ ಕೈ ಬೇಕು. ಒಳಗೆ ಕೂತಿದ್ದಾಗ ಡಾಕ್ಟರು ಫೋನ್ ಮಾಡಿದ್ರು. ಇನ್ನೂ ಒಂದು ವಾರ ಕೊಡ್ಬೇಕಂತೆ. ನಿನ್ನ ಮೇಲೂ ಅವಳಿಗೆ ನಂಬಿಕೆ ಬಂತಲ್ಲ, ಇನ್ಮೇಲೆ ನೀನೇ ತಿನ್ನು.

ಹೆಂಡತಿ: ತಿಂತೀನಿ. ನೀವು ಇವತ್ತೇ ಇನ್ನೊಂದು ಕಕ್ಕಸು ಕಟ್ಟಿಸಿ.